ಅಂಚಿನ ಬಣ್ಣ: ಜಾವಾಸ್ಕ್ರಿಪ್ಟ್ ಹೇಳಬೇಕಾದದ್ದೆಷ್ಟು, ಸಿಎಸ್‌ಎಸ್ ಹೇಳಬೇಕಾದದ್ದೆಷ್ಟು?

ಪ್ರಶ್ನೆ: ಜಾವಾಸ್ಕ್ರಿಪ್ಟ್ ಕಲಿಯುತ್ತಿದ್ದೇನೆ. ಪಾಸ್‌ವರ್ಡ್ 8 ಅಕ್ಷರಗಳಿಗಿಂತ ಕಡಿಮೆ ಇದ್ದರೆ ಆ ಪೆಟ್ಟಿಗೆಯ ಅಂಚು ಕೆಂಪಾಗಬೇಕು, ಸರಿಯಾದ ಕೂಡಲೇ ಮೊದಲಿನಂತಾಗಬೇಕು ಎಂಬುದು ನನ್ನ ಉದ್ದೇಶ. ಕೆಂಪಾಗುತ್ತದೆ, ಆದರೆ ಮೊದಲಿನ ರೂಪಕ್ಕೆ ಮರಳುವುದಿಲ್ಲ. ಅದೇ ಸಾಲನ್ನು ಒಂದು ಡಿವ್‌ಗೆ (ಪುಟದ ಸಾಮಾನ್ಯ ವಿಭಾಗಕ್ಕೆ) ಹಾಕಿದರೆ ಏನೂ ಕಾಣುವುದಿಲ್ಲ. ಟೇಬಲ್‌ನ ಒಂದು ಕೋಶಕ್ಕೆ ಹಾಕಿದರೆ ಎರಡು ಬದಿಗೆ ಮಾತ್ರ ಬಣ್ಣ ಬರುತ್ತದೆ. ಕನ್ಸೋಲ್‌ನಲ್ಲಿ ಯಾವ ತಪ್ಪೂ ಕಾಣುತ್ತಿಲ್ಲ. ಇದನ್ನು ಸ್ಟೈಲ್ ಮೂಲಕ ಮಾಡುವುದು ಸರಿಯೋ, ಕ್ಲಾಸ್ ಮೂಲಕವೋ?

ಉತ್ತರ: ಕನ್ಸೋಲ್ ಸುಮ್ಮನಿರುವುದಕ್ಕೆ ಕಾರಣವಿದೆ. ಮೂರೂ ಕಡೆ ನಿಮ್ಮ ಜಾವಾಸ್ಕ್ರಿಪ್ಟ್ ತನಗೆ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಎಡವಟ್ಟಾಗಿರುವುದು ಬಹುಮಟ್ಟಿಗೆ ಅದರಾಚೆ, ಪುಟದ ರೂಪವನ್ನು ಹೇಳುವ ಸಿಎಸ್‌ಎಸ್‌ನಲ್ಲಿ. ಅಂಚಿನ ಬಣ್ಣ ಬದಲಿಸುವ ಪ್ರಶ್ನೆಗಳಲ್ಲಿ ಬಹುಪಾಲು ಹೀಗೆಯೇ ಇರುತ್ತವೆ. ಆದ್ದರಿಂದ ಜಾವಾಸ್ಕ್ರಿಪ್ಟ್‌ಗಿಂತ ಮೊದಲು ಅಂಚು ಎಂದರೇನು ಎಂಬುದನ್ನು ನೋಡೋಣ. ಕೋಡಿನ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಸಿಎಸ್‌ಎಸ್‌ನಲ್ಲಿ ಅಂಚು ಒಂದೇ ವಸ್ತುವಲ್ಲ. ದಪ್ಪ, ಬಗೆ, ಬಣ್ಣ ಎಂಬ ಮೂರು ಗುಣಗಳು ಸೇರಿ ಅಂಚಾಗುತ್ತದೆ: ಬಾರ್ಡರ್-ವಿಡ್ತ್, ಬಾರ್ಡರ್-ಸ್ಟೈಲ್, ಬಾರ್ಡರ್-ಕಲರ್. ಏನೂ ಹೇಳದಿದ್ದಾಗ ದಪ್ಪ ‘ಮೀಡಿಯಂ’, ಬಣ್ಣ ‘ಕರೆಂಟ್‌ಕಲರ್’, ಅಂದರೆ ಆ ಎಲಿಮೆಂಟ್‌ನ (ಪುಟದ ಆ ಘಟಕದ) ಅಕ್ಷರಗಳ ಬಣ್ಣ. ಬಗೆ ಮಾತ್ರ ‘ನನ್’, ಅಂದರೆ ಏನೂ ಇಲ್ಲ. ಬಗೆ ‘ನನ್’ ಆಗಿದ್ದರೆ ದಪ್ಪ ಎಷ್ಟೇ ಇದ್ದರೂ ಬ್ರೌಸರ್ ಅದನ್ನು ಸೊನ್ನೆ ಎಂದೇ ಎಣಿಸುತ್ತದೆ. ನಿಮ್ಮ ಡಿವ್‌ನ ಸ್ಥಿತಿ ಇದೇ. ಅದಕ್ಕೆ ಕೆಂಪು ಬಣ್ಣ ಸಿಕ್ಕಿದೆ, ಬಳಿಯಲು ಗೆರೆಯೇ ಇಲ್ಲ. ಸಿಎಸ್‌ಎಸ್ ನಿಯಮಗಳಿರುವ ಸ್ಟೈಲ್‌ಶೀಟ್‌ನಲ್ಲಿ ಆ ಡಿವ್‌ಗೆ ‘ಬಾರ್ಡರ್: 2ಪಿಎಕ್ಸ್ ಸಾಲಿಡ್ ಟ್ರಾನ್ಸ್‌ಪರೆಂಟ್’ ಎಂದು ಒಂದು ಸಾಲು ಸೇರಿಸಿ. ನಿಮ್ಮ ಜಾವಾಸ್ಕ್ರಿಪ್ಟ್‌ನ ಒಂದಕ್ಷರವನ್ನೂ ಮುಟ್ಟದೆ ಅಂಚು ಕೆಂಪಾಗುತ್ತದೆ.

‘ಟ್ರಾನ್ಸ್‌ಪರೆಂಟ್’ ಎಂದು ಬೇಕೆಂದೇ ಹೇಳಿದ್ದೇನೆ. ಅಂಚು ಕಾಣಬೇಕಾದ ಗಳಿಗೆಯಲ್ಲಿ ಮೂರೂ ಗುಣಗಳನ್ನು ಜಾವಾಸ್ಕ್ರಿಪ್ಟ್‌ನಿಂದಲೇ ಹಾಕುವವರಿದ್ದಾರೆ. ಆಗ ಸೊನ್ನೆ ಇದ್ದ ದಪ್ಪ ಒಮ್ಮೆಲೇ 2 ಪಿಕ್ಸೆಲ್ ಆಗುತ್ತದೆ. ಪೆಟ್ಟಿಗೆ ಎತ್ತರದಲ್ಲಿ 4 ಪಿಕ್ಸೆಲ್ ಬೆಳೆದು ಕೆಳಗಿರುವುದೆಲ್ಲ ಜರುಗುತ್ತದೆ, ಪುಟ ಕುಲುಕಿದಂತೆ ಕಾಣುತ್ತದೆ. ಮೊದಲಿನಿಂದಲೂ ಕಾಣದ ಅಂಚೊಂದು ಜಾಗ ಹಿಡಿದುಕೊಂಡಿದ್ದರೆ ಬದಲಾಗುವುದು ಬಣ್ಣವೊಂದೇ. ಬ್ರೌಸರ್‌ಗೂ ಅದು ಹಗುರ: ಅಳತೆಗಳನ್ನು ಮತ್ತೆ ಲೆಕ್ಕಹಾಕುವ ಗೋಜಿಲ್ಲ, ಬಣ್ಣ ಬಳಿದರಾಯಿತು.

ಹಾಗಾದರೆ ಪಾಸ್‌ವರ್ಡ್ ಪೆಟ್ಟಿಗೆ ಏಕೆ ಕೆಂಪಾಯಿತು? ಇನ್‌ಪುಟ್ ಎಲಿಮೆಂಟ್‌ಗಳಿಗೆ ಬ್ರೌಸರ್ ತಾನಾಗಿಯೇ ಒಂದು ಅಂಚು ಕೊಟ್ಟಿರುತ್ತದೆ. ಎಚ್‌ಟಿಎಂಎಲ್ ನಿಯಮಾವಳಿ ಸೂಚಿಸುವ ಪ್ರಕಾರ ಅದು 2 ಪಿಕ್ಸೆಲ್‌ನ ‘ಇನ್‌ಸೆಟ್’ ಬಗೆಯದು. ನೀವು ಬಣ್ಣವನ್ನಷ್ಟೇ ಬದಲಿಸಿದಾಗ ಪೆಟ್ಟಿಗೆಯ ನಯವಾದ ರೂಪ ಹೋಗಿ, ಮೇಲೂ ಎಡಕ್ಕೂ ಕಡುಗೆಂಪು, ಕೆಳಗೂ ಬಲಕ್ಕೂ ತಿಳಿಗೆಂಪು ಬಂದಿರಬೇಕು. ಒಳಕ್ಕೆ ಕೊರೆದಂತೆ ತೋರಿಸುವುದೇ ‘ಇನ್‌ಸೆಟ್’ನ ಕೆಲಸ. ಇಲ್ಲಿಯೂ ಪರಿಹಾರ ಅದೇ: ಸ್ಟೈಲ್‌ಶೀಟ್‌ನಲ್ಲಿ ‘2ಪಿಎಕ್ಸ್ ಸಾಲಿಡ್’ ಎಂದು ಬರೆದು ಒಂದು ಬೂದು ಬಣ್ಣ ಕೊಟ್ಟುಬಿಡಿ. ಅಂಚು ನಿಮ್ಮದಾದ ಮೇಲೆ ಅದರ ಬಣ್ಣವೂ ನೀವು ಹೇಳಿದಂತೆ ಕೇಳುತ್ತದೆ.

ಈಗ ನಿಮ್ಮ ಜಾವಾಸ್ಕ್ರಿಪ್ಟ್ ಸಾಲಿಗೆ ಬರೋಣ.

ಪೆಟ್ಟಿಗೆ.ಸ್ಟೈಲ್.ಬಾರ್ಡರ್‌ಕಲರ್ = "ರೆಡ್";

ಸಿಎಸ್‌ಎಸ್‌ನಲ್ಲಿ ಎರಡು ಪದಗಳ ನಡುವೆ ಅಡ್ಡಗೆರೆ ಇರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಗೆರೆ ಕಳೆಯುವ ಚಿಹ್ನೆಯಾಗಿಬಿಡುವುದರಿಂದ ಅದನ್ನು ತೆಗೆದು ಎರಡನೆಯ ಪದದ ಮೊದಲಕ್ಷರವನ್ನು ದೊಡ್ಡಕ್ಷರ ಮಾಡುತ್ತೇವೆ. ಇಲ್ಲಿ ‘ಕಲರ್’ನ ಸಿ ದೊಡ್ಡಕ್ಷರ. ಅದನ್ನು ಸಣ್ಣಕ್ಷರದಲ್ಲಿ ಬರೆದರೂ ಜಾವಾಸ್ಕ್ರಿಪ್ಟ್ ತಕರಾರು ಮಾಡುವುದಿಲ್ಲ. ಆ ಹೆಸರಿನ ಹೊಸ ಗುಣವೊಂದನ್ನು ಸ್ಟೈಲ್ ವಸ್ತುವಿಗೆ ಅಂಟಿಸಿ ಮುಂದಕ್ಕೆ ಹೋಗುತ್ತದೆ, ಪರದೆಯ ಮೇಲೆ ಏನೂ ಆಗುವುದಿಲ್ಲ. ಅಡ್ಡಗೆರೆ ಇರುವ ಹೆಸರೇ ಬೇಕೆಂದರೆ ‘ಸೆಟ್‌ಪ್ರಾಪರ್ಟಿ’ ಎಂಬ ಮೆಥಡ್ ಇದೆ. ಅದಕ್ಕೆ ಸಿಎಸ್‌ಎಸ್‌ನಲ್ಲಿರುವ ಹೆಸರನ್ನು ಇದ್ದಂತೆಯೇ ಕೊಡಬೇಕು.

ಗುಣಕ್ಕೆ ಕೊಡುವ ಬೆಲೆಯ ವಿಷಯದಲ್ಲೂ ಇದೇ ಮೌನ. ಬಣ್ಣದ ಸಂಖ್ಯೆಯ ಮುಂದಿನ ಹ್ಯಾಶ್ ಚಿಹ್ನೆ ಬಿಟ್ಟರೆ, ಇಲ್ಲದ ಬಣ್ಣದ ಹೆಸರು ಬರೆದರೆ, ಬಣ್ಣದ ಮುಂದೆ ‘ಇಂಪಾರ್ಟೆಂಟ್’ (ಬೇರೆ ನಿಯಮಗಳನ್ನು ಮೀರಿಸುವ ಗುರುತು) ಎಂದು ಸೇರಿಸಿದರೆ, ಬ್ರೌಸರ್ ಆ ಬೆಲೆಯನ್ನು ಪಕ್ಕಕ್ಕಿಟ್ಟು ಹಳೆಯದನ್ನೇ ಉಳಿಸಿಕೊಳ್ಳುತ್ತದೆ. ‘ಇಂಪಾರ್ಟೆಂಟ್’ ಕೊಡಲೇಬೇಕಾದರೆ ‘ಸೆಟ್‌ಪ್ರಾಪರ್ಟಿ’ಗೆ ಮೂರನೆಯ ಆರ್ಗ್ಯುಮೆಂಟ್ ಆಗಿ, ಉದ್ಗಾರ ಚಿಹ್ನೆಯಿಲ್ಲದೆ ಕೊಡಬೇಕು. ಅನುಮಾನ ಬಂದಾಗ ಬೆಲೆ ಹಾಕಿದ ಮರುಸಾಲಿನಲ್ಲೇ ಅದೇ ಗುಣವನ್ನು ಕನ್ಸೋಲ್‌ನಲ್ಲಿ ಓದಿ ನೋಡಿ. ಖಾಲಿ ಬಂದರೆ, ಅಥವಾ ಹಿಂದಿನ ಬೆಲೆಯೇ ಬಂದರೆ, ನೀವು ಕೊಟ್ಟದ್ದನ್ನು ಬ್ರೌಸರ್ ಒಪ್ಪಿಲ್ಲ ಎಂದರ್ಥ.

ಇನ್ನೊಂದು ಗುಂಡಿಯನ್ನು ತೋರಿಸಿಬಿಡುತ್ತೇನೆ, ಬಹಳ ಜನ ಬೀಳುವುದು ಅದರಲ್ಲಿ. ‘ಬಾರ್ಡರ್‌ಕಲರ್’ ಎನ್ನುವ ಬದಲು ಬರೀ ‘ಬಾರ್ಡರ್’ಗೆ "ರೆಡ್" ಎಂದು ಕೊಟ್ಟರೆ ಇದ್ದ ಅಂಚೂ ಮಾಯವಾಗುತ್ತದೆ. ‘ಬಾರ್ಡರ್’ ಎಂಬುದು ಮೂರೂ ಗುಣಗಳ ಸಂಕ್ಷಿಪ್ತ ರೂಪ. ಅದರಲ್ಲಿ ನೀವು ಹೇಳದೆ ಬಿಟ್ಟದ್ದೆಲ್ಲ ಆರಂಭದ ಬೆಲೆಗೆ ಮರಳುತ್ತದೆ, ಬಗೆಯ ಆರಂಭದ ಬೆಲೆ ‘ನನ್’. ಹಾಗೆಯೇ ಬಣ್ಣ ಹಾಕಿದ ಮೇಲೆ ಅದೇ ಸ್ಟೈಲ್‌ನಲ್ಲಿ ‘ಬಾರ್ಡರ್’ಗೆ ‘2ಪಿಎಕ್ಸ್ ಸಾಲಿಡ್’ ಎಂದು ಕೊಟ್ಟರೆ ನಿಮ್ಮ ಬಣ್ಣ ಅಳಿಸಿಹೋಗಿ ಅಕ್ಷರದ ಬಣ್ಣ ಬಂದು ಕೂರುತ್ತದೆ.

ಎಲಿಮೆಂಟ್ ಹುಡುಕುವ ವಿಷಯವನ್ನು ಬೇಗ ಮುಗಿಸುತ್ತೇನೆ. ‘ನಲ್’ನ (ಏನೂ ಸಿಗಲಿಲ್ಲ ಎಂಬುದರ) ಮೇಲೆ ಗುಣ ಹಾಕಲಾಗದು ಎಂಬ ದೂರು ಬಂದರೆ, ಆ ಎಲಿಮೆಂಟ್ ಪುಟದಲ್ಲಿ ಮೂಡುವ ಮೊದಲೇ ಸ್ಕ್ರಿಪ್ಟ್ ಓಡಿದೆ ಅಥವಾ ಐಡಿ ತಪ್ಪಿದೆ. ಸ್ಕ್ರಿಪ್ಟ್ ಟ್ಯಾಗ್‌ಗೆ ‘ಡಿಫರ್’ ಸೇರಿಸಿದರೆ ಮೊದಲನೆಯದು ಸರಿಹೋಗುತ್ತದೆ. ‘ಕ್ವೆರಿಸೆಲೆಕ್ಟರ್‌ಆಲ್’ ಕೊಡುವುದು ಪಟ್ಟಿಯನ್ನು. ಪಟ್ಟಿಗೆ ಸ್ಟೈಲ್ ಇರುವುದಿಲ್ಲ, ಅದರೊಳಗಿನ ಒಂದೊಂದಕ್ಕೂ ಇರುತ್ತದೆ. ‘ಫಾರ್‌ಈಚ್’ ಬಳಸಿ ಒಂದೊಂದನ್ನೇ ಮುಟ್ಟಬೇಕು.

ಇನ್ನು ನಿಮ್ಮ ಮುಖ್ಯ ತೊಂದರೆ. ಕೆಂಪಾದದ್ದು ಏಕೆ ಮರಳುವುದಿಲ್ಲ?

‘ಸ್ಟೈಲ್’ ಮೂಲಕ ಹಾಕಿದ ಬಣ್ಣ ಆ ಎಲಿಮೆಂಟ್‌ನ ಮೈಮೇಲೆಯೇ ಕೂರುತ್ತದೆ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ಪಾಸ್‌ವರ್ಡ್ ಪೆಟ್ಟಿಗೆಯನ್ನು ನೋಡಿ: ನೀವು ಎಚ್‌ಟಿಎಂಎಲ್‌ನಲ್ಲಿ ಬರೆಯದ ‘ಸ್ಟೈಲ್’ ಎಂಬ ಆಟ್ರಿಬ್ಯೂಟ್ ಅಲ್ಲಿ ಹುಟ್ಟಿಕೊಂಡಿರುತ್ತದೆ. ‘ಇಂಪಾರ್ಟೆಂಟ್’ ಎಂದು ಗುರುತಿಸಿದ ನಿಯಮಗಳನ್ನು ಬಿಟ್ಟರೆ ಸ್ಟೈಲ್‌ಶೀಟ್‌ನ ಯಾವ ನಿಯಮವೂ ಅದನ್ನು ಮೀರಲಾರದು, ಐಡಿ ಹಿಡಿದು ಬರೆದ ನಿಯಮ ಕೂಡ. ಯಾರಾದರೂ ತೆಗೆಯುವವರೆಗೆ ಅದು ಅಲ್ಲೇ ಇರುತ್ತದೆ. ಪಾಸ್‌ವರ್ಡ್ ಸರಿಯಾದಾಗ ಏನು ಮಾಡಬೇಕೆಂದು ನಿಮ್ಮ ಕೋಡ್ ಹೇಳಿಲ್ಲ, ಹಾಗಾಗಿ ಕೆಂಪು ನಿಂತಿದೆ.

ಇಂಥಲ್ಲಿ ಬಹುತೇಕರು ಮಾಡುವುದು ‘ಎಲ್ಸ್’ ಸೇರಿಸಿ "ಗ್ರೇ" ಎಂದು ಬರೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಯಾವ ಬಣ್ಣವಿತ್ತು ಎಂಬುದು ಸ್ಟೈಲ್‌ಶೀಟ್‌ಗೆ ಗೊತ್ತು, ಜಾವಾಸ್ಕ್ರಿಪ್ಟ್ ಅದನ್ನು ಊಹಿಸಬಾರದು. ನಾಳೆ ವಿನ್ಯಾಸದಲ್ಲಿ ಬೂದು ಬಣ್ಣ ತುಸು ನೀಲಿಯಾದರೆ, ಅಥವಾ ಕಪ್ಪು ಹಿನ್ನೆಲೆಯ ರೂಪ ಸೇರಿದರೆ, ಒಮ್ಮೆ ತಪ್ಪಾಗಿ ತಿದ್ದಿಕೊಂಡ ಪೆಟ್ಟಿಗೆ ಮಾತ್ರ ಹಳೆಯ ಬೂದು ಬಣ್ಣದಲ್ಲಿ ಉಳಿಯುತ್ತದೆ. ಖಾಲಿ ಸ್ಟ್ರಿಂಗ್ ಕೊಡಿ:

ಪೆಟ್ಟಿಗೆ.ಸ್ಟೈಲ್.ಬಾರ್ಡರ್‌ಕಲರ್ = "";

ಇದರ ಅರ್ಥ, ಈ ಗುಣದ ಬಗ್ಗೆ ನಾನು ಹೇಳಿದ್ದನ್ನು ಹಿಂತೆಗೆದುಕೊಂಡಿದ್ದೇನೆ ಎಂದು. ಕೂಡಲೇ ಸ್ಟೈಲ್‌ಶೀಟ್‌ನ ಮಾತು ನಡೆಯುತ್ತದೆ. ‘ರಿಮೂವ್‌ಪ್ರಾಪರ್ಟಿ’ ಮಾಡುವುದೂ ಇದನ್ನೇ. ಇಡೀ ‘ಸ್ಟೈಲ್’ ಆಟ್ರಿಬ್ಯೂಟನ್ನೇ ಕಿತ್ತುಹಾಕುವುದು ಮಾತ್ರ ಸಲ್ಲದು. ಬೇರೆ ಸ್ಕ್ರಿಪ್ಟ್ ಅಲ್ಲಿಟ್ಟಿದ್ದ ಅಗಲವೋ ಸ್ಥಾನವೋ ಅದರೊಂದಿಗೇ ಹೋಗುತ್ತದೆ.

ಸದ್ಯ ಯಾವ ಬಣ್ಣವಿದೆ ಎಂದು ಓದಿ, ಅದರ ಮೇಲೆ ತೀರ್ಮಾನ ಮಾಡುವ ಅಭ್ಯಾಸವೊಂದಿದೆ. ಅದನ್ನೂ ಬಿಡಿ. ‘ಸ್ಟೈಲ್’ ಮೂಲಕ ಓದಿದರೆ ಮೈಮೇಲೆ ಬರೆದದ್ದು ಮಾತ್ರ ಸಿಗುತ್ತದೆ, ಸ್ಟೈಲ್‌ಶೀಟ್‌ನ ಬಣ್ಣ ಸಿಗುವುದಿಲ್ಲ. ಹದಿನಾರರ ಸಂಖ್ಯಾಪದ್ಧತಿಯಲ್ಲಿ ‘#ಎಫ್‌ಎಫ್0000’ ಎಂದು ಹಾಕಿ ಮರಳಿ ಓದಿದರೆ ಬರುವುದು ‘ಆರ್‌ಜಿಬಿ(255, 0, 0)’. ಹಾಕಿದ್ದಕ್ಕೂ ಓದಿದ್ದಕ್ಕೂ ಹೋಲಿಸುವ ‘ಇಫ್’ ಎಂದಿಗೂ ನಿಜವಾಗುವುದಿಲ್ಲ. ಕಣ್ಣಿಗೆ ಕಾಣುತ್ತಿರುವ ಬಣ್ಣ ಬೇಕೇಬೇಕೆಂದರೆ ‘ಗೆಟ್‌ಕಂಪ್ಯೂಟೆಡ್‌ಸ್ಟೈಲ್’ ಇದೆ. ಅದರಲ್ಲೂ ನಾಲ್ಕು ಬದಿಗಳ ಬಣ್ಣ ಬೇರೆ ಬೇರೆ ಇರಬಹುದಾದ್ದರಿಂದ ‘ಬಾರ್ಡರ್‌ಟಾಪ್‌ಕಲರ್’ ಎಂಬಂತೆ ಒಂದು ಬದಿಯನ್ನು ಹೆಸರಿಸಿ ಕೇಳುವುದು ಒಳ್ಳೆಯದು. ಆದರೆ ಪಾಸ್‌ವರ್ಡ್ ಸರಿಯಿದೆಯೇ ಎಂಬುದನ್ನು ಅಂಚಿನ ಬಣ್ಣದಿಂದ ತಿಳಿದುಕೊಳ್ಳಬೇಕಾದ ಪ್ರೋಗ್ರಾಂನಲ್ಲಿ ಏನೋ ತಲೆಕೆಳಗಾಗಿದೆ. ಸ್ಥಿತಿಯಿಂದ ಬಣ್ಣ ಬರಬೇಕೇ ಹೊರತು ಬಣ್ಣದಿಂದ ಸ್ಥಿತಿಯಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲೇ ಇದೆ. ಪಾಸ್‌ವರ್ಡ್ ಚಿಕ್ಕದಾಗಿದೆ ಎಂಬುದು ಜಾವಾಸ್ಕ್ರಿಪ್ಟ್ ಹೇಳಬೇಕಾದ ವಿಷಯ. ಚಿಕ್ಕದಾಗಿದ್ದರೆ ಯಾವ ಬಣ್ಣ ಎಂಬುದು ಸಿಎಸ್‌ಎಸ್ ಹೇಳಬೇಕಾದ ವಿಷಯ. ‘ಸ್ಟೈಲ್’ಗೆ ನೇರವಾಗಿ ಬಣ್ಣ ಬರೆಯುವಾಗ ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸುತ್ತಿದ್ದೇವೆ. ಅದರ ಫಲವನ್ನು ಕೆಂಪು ಬಣ್ಣ ಬದಲಿಸಬೇಕಾದ ದಿನ ಉಣ್ಣಬೇಕಾಗುತ್ತದೆ: ಹತ್ತಾರು ಸ್ಕ್ರಿಪ್ಟ್ ಕಡತಗಳಲ್ಲಿ "ರೆಡ್" ಎಂದು ಹುಡುಕುತ್ತ ಕೂರಬೇಕು. ಆದ್ದರಿಂದ ಕ್ಲಾಸ್, ಅಂದರೆ ಎಲಿಮೆಂಟ್‌ಗೆ ಅಂಟಿಸುವ ಹೆಸರು. ಸ್ಟೈಲ್‌ಶೀಟ್‌ನಲ್ಲಿ ‘ತಪ್ಪಿದೆ’ ಎಂಬ ಕ್ಲಾಸ್‌ಗೆ ಕೆಂಪು ಅಂಚು ಬರೆದಿಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದೇ ಸಾಲು ಸಾಕು:

ಪೆಟ್ಟಿಗೆ.ಕ್ಲಾಸ್‌ಲಿಸ್ಟ್.ಟಾಗಲ್("ತಪ್ಪಿದೆ", ಪೆಟ್ಟಿಗೆ.ವ್ಯಾಲ್ಯೂ.ಲೆಂಗ್ತ್ < 8);

‘ಟಾಗಲ್’ಗೆ ಎರಡನೆಯ ಆರ್ಗ್ಯುಮೆಂಟ್ ಕೊಟ್ಟಾಗ ಅದು ಸುಮ್ಮನೆ ಅದಲುಬದಲು ಮಾಡುವುದಿಲ್ಲ. ನಿಜವಾದರೆ ಕ್ಲಾಸ್ ಸೇರಿಸುತ್ತದೆ, ಸುಳ್ಳಾದರೆ ತೆಗೆಯುತ್ತದೆ. ‘ಇಫ್’ ಇಲ್ಲ, ‘ಎಲ್ಸ್’ ಇಲ್ಲ, ಮರಳಿ ಯಾವ ಬಣ್ಣ ಎಂಬ ಚಿಂತೆಯೂ ಇಲ್ಲ. ಎರಡನೆಯದನ್ನು ಬಿಟ್ಟು ಬರೆದರೆ ಮಾತ್ರ ಪ್ರತಿ ಅಕ್ಷರ ಒತ್ತಿದಾಗಲೂ ಅಂಚು ಕೆಂಪು, ಬೂದು, ಕೆಂಪು ಎಂದು ಮಿಟುಕುತ್ತದೆ.

ಕ್ಲಾಸ್ ಹಾಕಿದರೂ ಬಣ್ಣ ಬದಲಾಗದಿದ್ದರೆ, ನಿಯಮ ಯಾವ ಎಲಿಮೆಂಟ್‌ಗೆ ಎಂದು ಹೇಳುವ ಸೆಲೆಕ್ಟರ್‌ಗಳ ತೂಕ ನೋಡಿ. ಸ್ಟೈಲ್‌ಶೀಟ್‌ನಲ್ಲಿ ಫಾರಂನ ಐಡಿ ಹಿಡಿದು ಅದರೊಳಗಿನ ಇನ್‌ಪುಟ್‌ಗಳಿಗೆ ಬೂದು ಅಂಚು ಬರೆದಿದ್ದರೆ, ಬರೀ ಕ್ಲಾಸ್‌ನ ನಿಯಮ ಅದಕ್ಕಿಂತ ಹಗುರ. ಯಾವುದು ಮೊದಲು, ಯಾವುದು ನಂತರ ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ. ಡೆವಲಪರ್ ಟೂಲ್ಸ್‌ನಲ್ಲಿ ನಿಮ್ಮ ಕೆಂಪು ಬಣ್ಣದ ಮೇಲೆ ಗೀಟು ಎಳೆದಿರುವುದು ಕಾಣುತ್ತದೆ. ‘ಇಂಪಾರ್ಟೆಂಟ್’ ಎಂದು ಬರೆದು ಗೆಲ್ಲುವ ಆಸೆಯಾಗುತ್ತದೆ, ಆಮೇಲೆ ಅದನ್ನು ಗೆಲ್ಲಲು ಇನ್ನೊಂದು ‘ಇಂಪಾರ್ಟೆಂಟ್’ ಬೇಕಾಗುತ್ತದೆ. ಬೂದು ಅಂಚಿನ ನಿಯಮದಿಂದ ಐಡಿ ತೆಗೆದು ಅದನ್ನೇ ಹಗುರ ಮಾಡುವುದು ಲೇಸು.

ಕ್ಲಾಸ್‌ಗಿಂತಲೂ ಒಂದು ಹೆಜ್ಜೆ ಮುಂದೆ ಹೋಗಲು ಫಾರಂನಲ್ಲಿ ಅವಕಾಶವಿದೆ, ನಾನು ಬಳಸುವುದು ಅದನ್ನೇ. ‘ಏರಿಯಾ-ಇನ್‌ವ್ಯಾಲಿಡ್’ ಎಂಬ ಆಟ್ರಿಬ್ಯೂಟ್‌ಗೆ "ಟ್ರೂ" ಎಂದು ಕೊಟ್ಟರೆ, ಪರದೆ ಓದುವ ತಂತ್ರಾಂಶ ಬಳಸುವವರಿಗೆ ಈ ಪೆಟ್ಟಿಗೆಯಲ್ಲಿ ತಪ್ಪಿದೆ ಎಂಬುದು ಕಿವಿಗೆ ಕೇಳುತ್ತದೆ. ಸಿಎಸ್‌ಎಸ್‌ನಲ್ಲಿ ಚೌಕ ಕಂಸದ ಸೆಲೆಕ್ಟರ್ ಬರೆದು ಅದೇ ಆಟ್ರಿಬ್ಯೂಟ್‌ಗೆ ಕೆಂಪು ಅಂಚು ಕೊಡಬಹುದು. ಹೇಳುವುದು ಒಮ್ಮೆ, ಕಣ್ಣಿಗೂ ಕಿವಿಗೂ ತಲುಪುತ್ತದೆ. ಒಂದು ಬದಲಾಗಿ ಇನ್ನೊಂದು ಮರೆತುಹೋಗುವ ಸಂಭವವೇ ಇಲ್ಲ. ಇದಕ್ಕೆ ‘ಟಾಗಲ್‌ಆಟ್ರಿಬ್ಯೂಟ್’ ಬಳಸಬೇಡಿ. ಅದು ಹೊಸದಾಗಿ ಸೇರಿಸುವ ಆಟ್ರಿಬ್ಯೂಟ್‌ನ ಬೆಲೆ ಖಾಲಿ ಇರುತ್ತದೆ, ‘ಏರಿಯಾ-ಇನ್‌ವ್ಯಾಲಿಡ್’ ಖಾಲಿ ಇದ್ದರೆ ತಪ್ಪಿಲ್ಲ ಎಂದೇ ಅರ್ಥ. ‘ಸೆಟ್‌ಆಟ್ರಿಬ್ಯೂಟ್’ನಿಂದ "ಟ್ರೂ" ಅಥವಾ "ಫಾಲ್ಸ್" ಎಂದು ಸ್ಪಷ್ಟವಾಗಿ ಬರೆಯಿರಿ.

ಯಾವಾಗ ಬದಲಿಸಬೇಕು ಎಂಬುದು ಹೇಗೆ ಎಂಬುದಕ್ಕಿಂತ ಮುಖ್ಯವೆಂದು ನನಗೆ ಅನಿಸುತ್ತದೆ. ‘ಇನ್‌ಪುಟ್’ ಇವೆಂಟ್ ಪ್ರತಿಯೊಂದು ಅಕ್ಷರಕ್ಕೂ ಬರುತ್ತದೆ. ಅದಕ್ಕೆ ನಿಮ್ಮ ಪರೀಕ್ಷೆಯನ್ನು ಕಟ್ಟಿದರೆ ಬಳಕೆದಾರರು ಮೊದಲಕ್ಷರ ಒತ್ತಿದ ಕೂಡಲೇ ಅಂಚು ಕೆಂಪಾಗುತ್ತದೆ. ಇನ್ನೂ ಬರೆಯುತ್ತಿರುವವರನ್ನು ತಪ್ಪು ಮಾಡಿದ್ದೀರಿ ಎಂದು ಗದರಿದಂತೆ ಅದು. ಎಂಟನೆಯ ಅಕ್ಷರದವರೆಗೂ ಅವರು ಏನು ಮಾಡಿದರೂ ತಪ್ಪೇ! ‘ಬ್ಲರ್’ ಇವೆಂಟ್ ಪೆಟ್ಟಿಗೆ ಬಿಟ್ಟು ಹೊರಟಾಗ ಬರುತ್ತದೆ. ತಪ್ಪನ್ನು ಆಗ ತೋರಿಸಿ. ಒಮ್ಮೆ ಕೆಂಪಾದ ಮೇಲೆ ಮಾತ್ರ ‘ಇನ್‌ಪುಟ್’ಗೂ ಕಿವಿಗೊಟ್ಟು, ಎಂಟು ಅಕ್ಷರ ತುಂಬಿದ ಕ್ಷಣವೇ ಕೆಂಪನ್ನು ತೆಗೆಯಿರಿ. ತಪ್ಪು ಹೇಳುವುದು ನಿಧಾನವಾಗಿ, ಸರಿಯಾಯಿತೆಂದು ಹೇಳುವುದು ತಡವಿಲ್ಲದೆ.

ಈ ನಡವಳಿಕೆಯ ಬಹುಪಾಲು ಈಗ ಸಿಎಸ್‌ಎಸ್‌ನಲ್ಲೇ ಇದೆ. ಪಾಸ್‌ವರ್ಡ್ ಪೆಟ್ಟಿಗೆಗೆ ‘ರಿಕ್ವೈರ್ಡ್’ ಮತ್ತು ‘ಮಿನ್‌ಲೆಂಗ್ತ್’ 8 ಎಂದು ಎಚ್‌ಟಿಎಂಎಲ್‌ನಲ್ಲೇ ಬರೆದು, ಸಿಎಸ್‌ಎಸ್‌ನ ‘ಯೂಸರ್-ಇನ್‌ವ್ಯಾಲಿಡ್’ ಎಂಬ ಹುಸಿ ಕ್ಲಾಸ್‌ಗೆ (ಸ್ಥಿತಿ ನೋಡಿ ಬ್ರೌಸರ್ ತಾನೇ ಅನ್ವಯಿಸುವಂಥದ್ದಕ್ಕೆ) ಕೆಂಪು ಅಂಚು ಕೊಡಿ. ಬಳಕೆದಾರರು ಆ ಪೆಟ್ಟಿಗೆಯಲ್ಲಿ ಕೈಯಾಡಿಸಿದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಫೈರ್‌ಫಾಕ್ಸ್ ಮೊದಲೇ ತಂದಿತ್ತು, 2023ರಲ್ಲಿ ಸಫಾರಿಯೂ ಕ್ರೋಮ್ ಕೂಡ ಸೇರಿಕೊಂಡವು. ಹಳೆಯ ‘ಇನ್‌ವ್ಯಾಲಿಡ್’ ಇದಕ್ಕಿಂತ ಒರಟು; ‘ರಿಕ್ವೈರ್ಡ್’ ಇರುವ ಪೆಟ್ಟಿಗೆಗಳೆಲ್ಲ ಪುಟ ತೆರೆದ ಕ್ಷಣದಲ್ಲೇ ಕೆಂಪಾಗಿರುತ್ತವೆ. ನಿಮ್ಮ ಪರೀಕ್ಷೆ ಉದ್ದವನ್ನು ಅಳೆಯುವುದಷ್ಟೇ ಆಗಿದ್ದರೆ ಅಂಚಿನ ಬಣ್ಣಕ್ಕೆ ಜಾವಾಸ್ಕ್ರಿಪ್ಟ್ ಬೇಕಾಗಿಯೇ ಇಲ್ಲ. ಎರಡು ಪಾಸ್‌ವರ್ಡ್‌ಗಳು ಹೊಂದುತ್ತವೆಯೇ, ಸರ್ವರ್‌ನಲ್ಲಿ ಈ ಹೆಸರು ಆಗಲೇ ಇದೆಯೇ ಎಂಬಂಥ ಪ್ರಶ್ನೆಗಳು ಬಂದಾಗ ಬೇಕು. ಕಲಿಯಲು ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿ ನೋಡಿ, ಖಂಡಿತ. ನಿಜವಾದ ಪುಟಕ್ಕೆ ಇದನ್ನು ನೆನಪಿಡಿ.

ಹಾಗಾದರೆ ‘ಸ್ಟೈಲ್’ಗೆ ಕೆಲಸವೇ ಇಲ್ಲವೇ? ಇದೆ. ಬಣ್ಣ ಯಾವುದೆಂದು ಮುಂಚಿತವಾಗಿ ಯಾರಿಗೂ ಗೊತ್ತಿಲ್ಲದಿರುವಾಗ ಅದು ಬೇಕೇ ಬೇಕು. ಬಳಕೆದಾರರೇ ತಮ್ಮ ಚಿತ್ರದ ಚೌಕಟ್ಟಿಗೆ ಬಣ್ಣ ಆರಿಸಿಕೊಳ್ಳುತ್ತಾರೆ ಎಂದುಕೊಳ್ಳಿ. ‘ಕಲರ್’ ಬಗೆಯ ಇನ್‌ಪುಟ್ ಕೊಡುವ ಬೆಲೆ ಸಾಮಾನ್ಯವಾಗಿ ಹ್ಯಾಶ್ ಚಿಹ್ನೆಯೂ ಸೇರಿ 7 ಅಕ್ಷರಗಳ ಸ್ಟ್ರಿಂಗ್. ಬಣ್ಣದ ಮೇಲೆ ಬೆರಳಾಡಿಸುತ್ತಿರುವಷ್ಟು ಹೊತ್ತೂ ‘ಇನ್‌ಪುಟ್’ ಇವೆಂಟ್ ಬರುತ್ತದೆ, ಆಯ್ಕೆ ಮುಗಿದಾಗ ‘ಚೇಂಜ್’. ಇಷ್ಟೊಂದು ಬಣ್ಣಗಳಿಗೆ ಕ್ಲಾಸ್ ಬರೆಯಲಾಗದು. ಇಲ್ಲೂ ನಾನು ನೇರವಾಗಿ ಅಂಚನ್ನು ಮುಟ್ಟುವುದಿಲ್ಲ, ಸಿಎಸ್‌ಎಸ್ ವೇರಿಯಬಲ್ ಒಂದನ್ನು ಬದಲಿಸುತ್ತೇನೆ. ಸ್ಟೈಲ್‌ಶೀಟ್‌ನಲ್ಲಿ ಅಂಚಿನ ಬಣ್ಣ ‘ವಾರ್(--ಅಂಚು)’ ಎಂದಿರುತ್ತದೆ. ಜಾವಾಸ್ಕ್ರಿಪ್ಟ್ ಹೀಗೆ:

ಚೌಕಟ್ಟು.ಸ್ಟೈಲ್.ಸೆಟ್‌ಪ್ರಾಪರ್ಟಿ("--ಅಂಚು", ಆಯ್ಕೆ.ವ್ಯಾಲ್ಯೂ);

ಬಣ್ಣವನ್ನು ಕೊಡುವುದು ಸ್ಕ್ರಿಪ್ಟ್. ಅದನ್ನು ಅಂಚಿಗಷ್ಟೇ ಬಳಸಬೇಕೋ, ಒಳಗಿನ ಶೀರ್ಷಿಕೆಗೂ ಬಳಸಬೇಕೋ, ಮೌಸ್ ಬಂದಾಗ ತುಸು ಕಡು ಮಾಡಬೇಕೋ ಎಂಬುದು ಸಿಎಸ್‌ಎಸ್‌ನ ಕೈಯಲ್ಲೇ ಉಳಿಯುತ್ತದೆ. ವೇರಿಯಬಲ್ ಒಳಗಿನ ಎಲಿಮೆಂಟ್‌ಗಳಿಗೂ ಇಳಿದು ಬರುವುದರಿಂದ ಒಂದು ಕಡೆ ಬದಲಿಸಿದರೆ ಸಾಕು. ವೇರಿಯಬಲ್‌ಗೆ ಚುಕ್ಕಿ ಹಾಕಿ ಬೆಲೆ ಕೊಡುವ ದಾರಿಯಿಲ್ಲ, ‘ಸೆಟ್‌ಪ್ರಾಪರ್ಟಿ’ಯೇ ಬೇಕು.

ಪಾಸ್‌ವರ್ಡ್ ಎಷ್ಟು ಬಲವಾಗಿದೆ ಎಂಬುದನ್ನು ಕೆಂಪಿನಿಂದ ಹಸಿರಿನವರೆಗೆ ಹಂತ ಹಂತವಾಗಿ ತೋರಿಸುವ ಆಸೆಯೂ ನಿಮಗೆ ಬರಬಹುದು. ವರ್ಣ, ಗಾಢತೆ, ಬೆಳಕು ಎಂದು ಬಣ್ಣವನ್ನು ಹೇಳುವ ‘ಎಚ್‌ಎಸ್‌ಎಲ್’ ರೂಪದಲ್ಲಿ ಬಣ್ಣಚಕ್ರದ 0 ಡಿಗ್ರಿ ಕೆಂಪು, 60 ಹಳದಿ, 120 ಹಸಿರು. ಬಲವನ್ನು 0ಯಿಂದ 4ರವರೆಗೆ ಅಳೆದು 30ರಿಂದ ಗುಣಿಸಿದರೆ ಬಣ್ಣ ಸಿದ್ಧ. ಆದರೆ ನಡುವಿನ ಹಳದಿಯನ್ನು ಬಿಳಿ ಹಿನ್ನೆಲೆಯ ಮೇಲೆ ನೋಡಿ: ಅಚ್ಚ ಹಳದಿಗೂ ಬಿಳಿಗೂ ಇರುವ ವ್ಯತ್ಯಾಸದ ಅನುಪಾತ 1.07ಕ್ಕೆ 1, ಅಂದರೆ ಅಂಚು ಇದ್ದೂ ಇಲ್ಲದಂತೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ, ಪುಟಗಳು ಎಲ್ಲರಿಗೂ ಬಳಸಲಾಗುವಂತಿರಬೇಕೆಂದು 2018ರಲ್ಲಿ ಹೊರತಂದ ಡಬ್ಲ್ಯೂಸಿಎಜಿ 2.1 ಮಾರ್ಗಸೂಚಿ, ಸ್ಥಿತಿಯನ್ನು ತಿಳಿಸುವ ಇಂಥ ಗುರುತುಗಳಿಗೆ ಪಕ್ಕದ ಬಣ್ಣದೊಡನೆ ಕನಿಷ್ಠ 3ಕ್ಕೆ 1 ಅನುಪಾತ ಕೇಳುತ್ತದೆ. ಅಚ್ಚ ಕೆಂಪು ಸುಮಾರು 4 ಬಂದು ಪಾರಾಗುತ್ತದೆ. ಸಿಎಸ್‌ಎಸ್‌ನಲ್ಲಿ ‘ಗ್ರೀನ್’ ಎಂಬ ಹೆಸರಿನ ಕಡುಹಸಿರು ಪಾರಾಗುತ್ತದೆ. ‘ಲೈಮ್’ ಎಂಬ ಹೆಸರಿನ ಉಜ್ವಲ ಹಸಿರು ಸೋಲುತ್ತದೆ, ‘ಎಚ್‌ಎಸ್‌ಎಲ್’ನಲ್ಲಿ 120 ಡಿಗ್ರಿಗೆ ಅರ್ಧ ಬೆಳಕು ಕೊಟ್ಟಾಗ ಬರುವುದೂ ಇದೇ ಲೈಮ್. ಬೆಳಕನ್ನು ಇನ್ನೂ ಇಳಿಸಿ, ಹಳದಿಯ ಬಳಿ ಮತ್ತಷ್ಟು ಇಳಿಸಿ.

ಇಷ್ಟಾದರೂ ಬಣ್ಣವೊಂದನ್ನೇ ನೆಚ್ಚಿಕೊಳ್ಳಬೇಡಿ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದ ಕಣ್ಣುಗಳು ಅಪರೂಪವಲ್ಲ. ವಿಂಡೋಸ್‌ನ ಹೆಚ್ಚು ವ್ಯತ್ಯಾಸದ ಥೀಮ್ ಹಾಕಿಕೊಂಡವರ ಪರದೆಯಲ್ಲಂತೂ ಬ್ರೌಸರ್ ನಿಮ್ಮ ಅಂಚಿನ ಬಣ್ಣವನ್ನೇ ಕಿತ್ತು, ಆ ಥೀಮ್‌ನ ಬಣ್ಣ ಹಾಕುತ್ತದೆ. ಕೆಂಪೂ ಹಸಿರೂ ಅಲ್ಲಿ ಒಂದೇ. ‘ಬಾಕ್ಸ್-ಶ್ಯಾಡೋ’ ಕೂಡ ಅಲ್ಲಿ ಅಳಿಸಿಹೋಗುತ್ತದೆ, ಅಂಚಿನ ದಪ್ಪ ಮತ್ತು ಬಗೆ ಉಳಿಯುತ್ತವೆ. ಆದ್ದರಿಂದ ತಪ್ಪಿದ್ದಾಗ ‘ಸಾಲಿಡ್’ ಹೋಗಿ ‘ಡ್ಯಾಶ್ಡ್’ ಬರಲಿ, ದಪ್ಪ ಹಾಗೆಯೇ ಇರಲಿ. ಪೆಟ್ಟಿಗೆಯ ಕೆಳಗೆ ‘ಕನಿಷ್ಠ 8 ಅಕ್ಷರಗಳು ಬೇಕು’ ಎಂಬ ವಾಕ್ಯವೂ ಇರಲಿ, ‘ಏರಿಯಾ-ಡಿಸ್ಕ್ರೈಬ್ಡ್‌ಬೈ’ ಮೂಲಕ ಅದನ್ನು ಪೆಟ್ಟಿಗೆಗೆ ಜೋಡಿಸಿ. ಕೆಂಪು ಅಂಚು ತಪ್ಪಿದೆ ಎಂದಷ್ಟೇ ಹೇಳುತ್ತದೆ; ಏನು ತಪ್ಪಿದೆ ಎಂದು ಆ ವಾಕ್ಯವಲ್ಲದೆ ಯಾರೂ ಹೇಳುವುದಿಲ್ಲ.

ಬರೆಯುತ್ತಿರುವಾಗ ಕೆಂಪು ಸರಿಯಾಗಿ ಕಾಣುವುದಿಲ್ಲ ಎಂದು ನಿಮಗೆ ಅನಿಸಬಹುದು. ಆಗ ಪೆಟ್ಟಿಗೆಗೆ ಫೋಕಸ್ ಇರುತ್ತದೆ, ಅಂಚಿನ ಹೊರಗೆ ಬ್ರೌಸರ್ ‘ಔಟ್‌ಲೈನ್’ ಎಂಬ ಇನ್ನೊಂದು ಗೆರೆ ಎಳೆದಿರುತ್ತದೆ. ಅದು ಅಂಚಲ್ಲ, ‘ಬಾರ್ಡರ್‌ಕಲರ್’ ಅದನ್ನು ಮುಟ್ಟುವುದಿಲ್ಲ. ಅಡ್ಡಿಯೆಂದು ಅದನ್ನು ‘ನನ್’ ಮಾಡಿದರೆ ಕೀಬೋರ್ಡ್‌ನಿಂದಲೇ ಓಡಾಡುವವರಿಗೆ ತಾವೆಲ್ಲಿದ್ದೇವೆ ಎಂಬುದೇ ತಿಳಿಯದು. ತಪ್ಪಿರುವ ಪೆಟ್ಟಿಗೆಗೆ ಫೋಕಸ್ ಬಂದಾಗ ‘ಔಟ್‌ಲೈನ್-ಕಲರ್’ ಕೂಡ ಕೆಂಪಾಗುವಂತೆ ಒಂದು ನಿಯಮ ಬರೆದರೆ ಎರಡೂ ಒಂದೇ ಮಾತು ಹೇಳುತ್ತವೆ.

ಬಣ್ಣ ಥಟ್ಟನೆ ಬದಲಾಗದೆ ಮೆಲ್ಲಗೆ ಬದಲಾಗಬೇಕೆಂದರೆ ಸ್ಟೈಲ್‌ಶೀಟ್‌ನಲ್ಲಿ ಬಾರ್ಡರ್-ಕಲರ್‌ಗೆ ‘ಟ್ರಾನ್ಸಿಷನ್’ ಬರೆಯಿರಿ. 150 ಮಿಲಿಸೆಕೆಂಡ್ ಸಾಕು. ಒಮ್ಮೆ ಮಿಂಚಿ ಮರೆಯಾಗುವ ಅಂಚು ಬೇಕಾದರೆ ದಾರಿ ಬೇರೆ. ಒಂದೇ ಫಂಕ್ಷನ್‌ನಲ್ಲಿ ಕೆಂಪು ಹಾಕಿ ಮುಂದಿನ ಸಾಲಿನಲ್ಲಿ ತೆಗೆದರೆ ಏನೂ ಕಾಣುವುದಿಲ್ಲ, ಏಕೆಂದರೆ ಸ್ಕ್ರಿಪ್ಟ್ ಮುಗಿಯುವವರೆಗೆ ಬ್ರೌಸರ್ ಪರದೆಗೆ ಬಣ್ಣ ಬಳಿಯುವುದಿಲ್ಲ. ಎಲಿಮೆಂಟ್‌ನ ‘ಅನಿಮೇಟ್’ ಮೆಥಡ್‌ಗೆ ಬಣ್ಣವನ್ನೂ ಅವಧಿಯನ್ನೂ ಕೊಟ್ಟುಬಿಡಿ. ಮುಗಿದ ಮೇಲೆ ಅದು ‘ಸ್ಟೈಲ್’ನಲ್ಲಿ ಯಾವ ಕುರುಹನ್ನೂ ಉಳಿಸುವುದಿಲ್ಲ, ನೀವು ಟೈಮರ್ ಇಟ್ಟು ಕಾಯಬೇಕಾಗಿಲ್ಲ.

ಉಳಿದದ್ದು ಟೇಬಲ್. ನಿಮ್ಮ ಕೋಶದ ಬಲ ಮತ್ತು ಕೆಳಗಿನ ಬದಿಗಳು ಕೆಂಪಾಗಿವೆ, ಎಡವೂ ಮೇಲಿನದೂ ಹಾಗೆಯೇ ಉಳಿದಿವೆ, ಅಲ್ಲವೇ? ಸ್ಟೈಲ್‌ಶೀಟ್‌ನಲ್ಲಿ ‘ಬಾರ್ಡರ್-ಕೊಲ್ಯಾಪ್ಸ್: ಕೊಲ್ಯಾಪ್ಸ್’ ಇರಲೇಬೇಕು. ಆಗ ಪಕ್ಕಪಕ್ಕದ ಎರಡು ಕೋಶಗಳ ನಡುವೆ ಇರುವುದು ಒಂದೇ ಗೆರೆ, ಅದರ ಮೇಲೆ ಇಬ್ಬರಿಗೂ ಹಕ್ಕು. ಯಾರ ಮಾತು ನಡೆಯಬೇಕೆಂಬುದಕ್ಕೆ ಸಿಎಸ್‌ಎಸ್‌ನಲ್ಲಿ ಒಂದು ಕ್ರಮವಿದೆ: ದಪ್ಪ ಗೆರೆ ಗೆಲ್ಲುತ್ತದೆ, ದಪ್ಪ ಸಮನಾದರೆ ಬಗೆ ನೋಡಲಾಗುತ್ತದೆ, ‘ಡ್ಯಾಶ್ಡ್’ನ ಎದುರು ‘ಸಾಲಿಡ್’ ಗೆಲ್ಲುತ್ತದೆ, ಬಣ್ಣವೊಂದೇ ಬೇರೆಯಾದರೆ, ಎಡದಿಂದ ಬಲಕ್ಕೆ ಸಾಗುವ ಟೇಬಲ್‌ನಲ್ಲಿ ಎಡಗಡೆಯ ಮತ್ತು ಮೇಲಿನ ಕೋಶದ ಬಣ್ಣ ಉಳಿಯುತ್ತದೆ. ನಿಮ್ಮ ಕೋಶದ ಎಡ ಗೆರೆಯನ್ನು ಎಡ ನೆರೆಯ ಕೋಶ ಗೆದ್ದಿದೆ, ಮೇಲಿನದನ್ನು ಮೇಲಿನ ಕೋಶ. ಇಡೀ ಸಾಲಿನ ಎಲಿಮೆಂಟ್‌ಗೆ ಬಣ್ಣ ಹಾಕಿದರೂ ಪ್ರಯೋಜನವಿಲ್ಲ: ದಪ್ಪವೂ ಬಗೆಯೂ ಸಮನಾಗಿದ್ದರೆ ಕೋಶದ ಅಂಚು ಸಾಲಿನ ಅಂಚನ್ನು ಸೋಲಿಸುತ್ತದೆ, ‘ಕೊಲ್ಯಾಪ್ಸ್’ ಇಲ್ಲದ ಟೇಬಲ್‌ನಲ್ಲಿ ಸಾಲಿಗೆ ಅಂಚೇ ಇರುವುದಿಲ್ಲ.

ದಪ್ಪ ಹೆಚ್ಚಿಸಿ ಗೆಲ್ಲಬಹುದು, ಆದರೆ ಟೇಬಲ್‌ನ ಅಳತೆ ಅಲುಗುತ್ತದೆ. ಈ ಒಂದು ಕಡೆ ಅಂಚನ್ನು ಬಿಟ್ಟು ‘ಔಟ್‌ಲೈನ್’ ಹಿಡಿಯಿರಿ. ಅದು ಜಾಗ ಹಿಡಿಯುವುದಿಲ್ಲ, ನೆರೆಯವರೊಡನೆ ಹಂಚಿಕೊಳ್ಳುವುದೂ ಇಲ್ಲ. ಆರಿಸಿದ ಕೋಶದ ಕ್ಲಾಸ್‌ಗೆ ‘ಔಟ್‌ಲೈನ್: 2ಪಿಎಕ್ಸ್ ಸಾಲಿಡ್’ ಎಂದು ಬರೆದು ಬಣ್ಣ ಕೊಡಿ, ‘ಔಟ್‌ಲೈನ್-ಆಫ್‌ಸೆಟ್’ಗೆ ಮೈನಸ್ 2 ಪಿಕ್ಸೆಲ್ ಕೊಟ್ಟು ಗೆರೆಯನ್ನು ಕೋಶದ ಒಳಕ್ಕೆ ತನ್ನಿ. ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ‘ಕ್ಲಾಸ್‌ಲಿಸ್ಟ್’ ಸಾಲು, ಕ್ಲಾಸ್‌ನ ಹೆಸರಷ್ಟೇ ಬೇರೆ.